ಹತ್ತು–ಒಂದು: ರಹೀಂ ಮೇಷ್ಟ್ರ ಜೀವನ

ಸೈಯದ್ ಅಬ್ದುಲ್ ರಹೀಂ ಅವರ ಬಗ್ಗೆ ಬರೆಯುವವರೆಲ್ಲ ಅವರನ್ನು ಫುಟ್‌ಬಾಲ್ ತರಬೇತುದಾರರೆಂದೇ ಪರಿಚಯಿಸುತ್ತಾರೆ. 2024ರಲ್ಲಿ ತೆರೆಕಂಡ ಮೈದಾನ್ ಎಂಬ ಹಿಂದಿ ಚಿತ್ರವೂ ಹಾಗೆಯೇ ಮಾಡಿತು. ನಮ್ಮ ತರಗತಿಯ ಕೆಲವರು ರಹೀಂ ಹೆಸರನ್ನು ಮೊದಲು ಕೇಳಿದ್ದೇ ಆ ಚಿತ್ರದಿಂದ. ಆದರೆ ಈ ಪತ್ರಿಕೆಯನ್ನು ಓದುವವರು ಶಿಕ್ಷಕರು, ಶಿಕ್ಷಕರನ್ನು ತಯಾರು ಮಾಡುವವರು, ಇನ್ನೇನು ಶಿಕ್ಷಕರಾಗಲಿರುವ ನನ್ನಂಥವರು. ಆದ್ದರಿಂದ ಅವರು ಗೆದ್ದ ಕಪ್ಪುಗಳನ್ನು ಆಚೆಗಿಟ್ಟು, ಅವರು ಪಾಠ ಮಾಡಿದ ಶಾಲೆಗಳ ಹೆಸರಿನಿಂದ ಆರಂಭಿಸುತ್ತೇನೆ. ಕಾಚಿಗುಡ ಮಾಧ್ಯಮಿಕ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ. ನಾಲ್ಕೂ ಹೈದರಾಬಾದಿನವು. ಭಾರತ ತಂಡವನ್ನು ಒಲಿಂಪಿಕ್ಸ್‌ಗೆ ಕರೆದೊಯ್ಯುವ ಮೊದಲು ಈ ಮನುಷ್ಯ ಹಾಜರಿ ಪುಸ್ತಕ ಹಿಡಿದವರು, ಸೀಮೆಸುಣ್ಣದ ಪುಡಿಯಲ್ಲಿ ಕೈ ಬಿಳಿಯಾಗಿಸಿಕೊಂಡವರು.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಆಳ್ವಿಕೆಯ ಹೈದರಾಬಾದಿನಲ್ಲಿ. ಆ ಸಂಸ್ಥಾನದಲ್ಲಿ ಆಗ ನಮ್ಮ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಇದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷನ್ನು ಬದಿಗಿಟ್ಟು ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಡಲು ಹೊರಟಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮಗೆ ಆ ಧೈರ್ಯ ಸಣ್ಣದೆಂದು ಅನ್ನಿಸಲಾರದು. ರಹೀಂ ಆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಆಮೇಲೆ ಸಿಟಿ ಕಾಲೇಜಿನ ಹಾಲಿ ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿಕೊಂಡಿದ್ದ ಇಲೆವೆನ್ ಹಂಟರ್ಸ್ ಎಂಬ ತಂಡದಲ್ಲೂ, ಊರಿನ ಲೀಗ್‌ನಲ್ಲಿ ಹೆಸರಾಗಿದ್ದ ಕಮರ್ ಕ್ಲಬ್‌ನಲ್ಲೂ ಆಡಿದರು. ಕಲಾ ಪದವಿ ಪಡೆದು ಶಿಕ್ಷಕರಾದರು. ಪಾಠ ಮಾಡುತ್ತಲೇ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿ, ಕೊನೆಯ ಎರಡು ಶಾಲೆಗಳಲ್ಲಿ ಕ್ರೀಡೆಯ ಹೊಣೆ ಹೊತ್ತರು.

ಇಲ್ಲಿ ಒಂದು ಮಾತು. ಪರೀಕ್ಷೆ ಹತ್ತಿರ ಬಂದಾಗ ಗಣಿತ, ವಿಜ್ಞಾನದವರು ದೈಹಿಕ ಶಿಕ್ಷಣದ ಅವಧಿಯನ್ನು ಸಾಲ ಕೇಳುವುದು, ಆ ಸಾಲ ಎಂದೂ ತೀರದಿರುವುದು ನಮ್ಮ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತು. ತರಗತಿಯಲ್ಲಿ ಪಾಠ ಮಾಡುವ ಕೆಲಸ ಕೈಯಲ್ಲಿದ್ದೂ ಮೈದಾನದ ಕಡೆಗೆ ಹೊರಳಿಕೊಂಡ ಶಿಕ್ಷಕರು ಅಪರೂಪ. ರಹೀಂ ತಾವಾಗಿಯೇ ಹೊರಳಿದರು. ಹೊರಳುವಾಗ ತರಗತಿಯ ಬುದ್ಧಿಯನ್ನು ಹಿಂದೆ ಬಿಟ್ಟು ಹೋಗಲಿಲ್ಲ ಎಂಬುದು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕಾಣುತ್ತದೆ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಹುದ್ದೆಯಲ್ಲಿದ್ದರು. ಕಾರ್ಯದರ್ಶಿಯೆಂದರೆ ಕಾಗದಪತ್ರ ನೋಡಿಕೊಳ್ಳುವವರು ಎಂದು ನಾವು ತಿಳಿಯುತ್ತೇವೆ. ಇವರು ಮಾಡಿದ್ದು ಬೇರೆಯೇ. ಹುಡುಗರಿಗಾಗಿ ವಿಚಿತ್ರ ನಿಯಮಗಳ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಒಂದರಲ್ಲಿ ಚೆಂಡನ್ನು ಕಾಲಲ್ಲೇ ಆಡಿಸಿಕೊಂಡು ಎದುರಾಳಿಯನ್ನು ದಾಟಿ ಓಡುವಂತಿಲ್ಲ, ಅಂದರೆ ಡ್ರಿಬಲ್ ಮಾಡುವಂತಿಲ್ಲ. ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಇನ್ನೊಂದರಲ್ಲಿ ಯಾವ ಕಾಲು ದುರ್ಬಲವೋ ಆ ಕಾಲಿನಲ್ಲೇ ಒದೆಯಬೇಕು. ಬಲಗಾಲಿನವನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು. ಮತ್ತೊಂದು ಕುಳ್ಳ ಹುಡುಗರಿಗೆಂದೇ ಇಟ್ಟ ಪಂದ್ಯಾವಳಿ. ಎತ್ತರದವರ ನಡುವೆ ಸಿಕ್ಕಿ ಚೆಂಡೇ ಮುಟ್ಟದೆ ಮನೆಗೆ ಹೋಗುತ್ತಿದ್ದವರು ಅಲ್ಲಿ ಆಟ ಕಲಿತರು.

ಸೂಕ್ಷ್ಮ ಬೋಧನೆಯ ತರಗತಿಯಲ್ಲಿ ಕುಳಿತ ಯಾರಿಗಾದರೂ ಇದು ತಟ್ಟನೆ ಗುರುತು ಸಿಗಬೇಕು. ಪ್ರಶ್ನೆ ಕೇಳುವ ಕೌಶಲ, ಉದಾಹರಣೆ ಕೊಡುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಂದು ಬೋಧನೆಯನ್ನು ಬಿಡಿಸಿ, ಆರು ನಿಮಿಷದಲ್ಲಿ ಒಂದೇ ಕೌಶಲವನ್ನು ಹಿಡಿದು ಅಭ್ಯಾಸ ಮಾಡುತ್ತೇವಲ್ಲ, ಅದೇ ಇದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮ ಬೋಧನೆ ರೂಪುಗೊಂಡದ್ದು 1960ರ ದಶಕದ ಆರಂಭದಲ್ಲಿ. ಹೈದರಾಬಾದಿನ ಮೇಷ್ಟ್ರಿಗೆ ಆ ಹೆಸರು ಬೇಕಿರಲಿಲ್ಲ. ಇಡೀ ಆಟವನ್ನು ಆಡಿಸಿದರೆ ಹುಡುಗ ತನಗೆ ಬರುವುದನ್ನೇ ಮತ್ತೆ ಮತ್ತೆ ಮಾಡುತ್ತಾನೆ. ಬಾರದ್ದನ್ನು ಕಲಿಯಬೇಕಾದರೆ ಬರುವುದರ ದಾರಿಯನ್ನು ಸ್ವಲ್ಪ ಹೊತ್ತು ಮುಚ್ಚಬೇಕು. ನಿಯಮವೇ ಅಲ್ಲಿ ಮೇಷ್ಟ್ರು.

ಈ ಸಂಗತಿಯನ್ನು ಓದಿದ ಮೇಲೆ ಸುಮ್ಮನೆ ಇರಲಾಗಲಿಲ್ಲ. ನನ್ನ ಬೋಧನಾಭ್ಯಾಸ ಗುಂಡ್ಲುಪೇಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಡೆಯಿತು. ಆ ಸೀಮೆಯಲ್ಲಿ ಚೆಂಡು ಎಂದರೆ ಮೊದಲು ನೆನಪಾಗುವುದು ಹೆದ್ದಾರಿ ಪಕ್ಕದ ಚೆಂಡುಹೂವಿನ ಹೊಲ. ಮಕ್ಕಳು ಆಡುವುದು ಕಬಡ್ಡಿ, ಕೊಕ್ಕೊ, ವಾಲಿಬಾಲ್, ಸಂಜೆಯಾದರೆ ಕ್ರಿಕೆಟ್. ಫುಟ್‌ಬಾಲ್ ಅವರಿಗೆ ಹೆಚ್ಚಾಗಿ ಗೊತ್ತಿರುವುದು ಬತ್ತೇರಿ ಕಡೆಯಿಂದ ಇಳಿದು ಬರುವ ಗಾಡಿಗಳ ಗಾಜಿನ ಮೇಲಿನ ಅರ್ಜೆಂಟೀನಾ, ಬ್ರೆಜಿಲ್ ಸ್ಟಿಕ್ಕರುಗಳಿಂದ. ಶಾಲೆಯಲ್ಲಿ ಒಂದು ಚೆಂಡಿತ್ತು. ಅದನ್ನು ಕೊಟ್ಟರೆ ಆಗುತ್ತಿದ್ದುದು ಇಷ್ಟೇ: ಒಂಬತ್ತನೇ ತರಗತಿಯ ಇಬ್ಬರು ಗಟ್ಟಿ ಹುಡುಗರು ಚೆಂಡನ್ನು ಹಿಡಿದುಕೊಂಡು ಈ ತುದಿಯಿಂದ ಆ ತುದಿಗೆ ಓಡುತ್ತಿದ್ದರು, ಉಳಿದ ಇಪ್ಪತ್ತು ಮಂದಿ ಅವರ ಹಿಂದೆ ದೂಳು ಎಬ್ಬಿಸುತ್ತಿದ್ದರು. ದೈಹಿಕ ಶಿಕ್ಷಕರ ಒಪ್ಪಿಗೆ ಪಡೆದು ರಹೀಂ ಮೇಷ್ಟ್ರ ಮೊದಲ ನಿಯಮವನ್ನು ಹಾಕಿದೆವು. ಮೂರು ಹೆಜ್ಜೆಗಿಂತ ಹೆಚ್ಚು ಚೆಂಡಿನ ಜೊತೆ ಓಡುವಂತಿಲ್ಲ. ಮೊದಲ ಹತ್ತು ನಿಮಿಷ ಜಗಳವೇ ಜಗಳ. ಆಮೇಲೆ ಚೆಂಡು ತಾನಾಗಿ ಹರಡತೊಡಗಿತು. ಅದುವರೆಗೆ ಹುಣಸೆಮರದ ಕೆಳಗೆ ನಿಂತಿರುತ್ತಿದ್ದ ಒಬ್ಬ ಹುಡುಗಿಯ ಕಾಲಿಗೆ ಆ ಅವಧಿಯಲ್ಲಿ ಚೆಂಡು ಎಷ್ಟು ಸಲ ಬಂತೆಂದರೆ, ಅವಧಿ ಮುಗಿದ ಮೇಲೆ ಚೆಂಡನ್ನು ಕೋಣೆಗೆ ಇಡಲು ಅವಳೇ ಕೇಳಿ ತೆಗೆದುಕೊಂಡು ಹೋದಳು. ತರಗತಿಯೊಳಗೂ ಇದೇ ಅಲ್ಲವೇ? ಪ್ರಶ್ನೆ ಎಸೆದರೆ ಅದೇ ನಾಲ್ಕು ಕೈಗಳು ಮೇಲೇಳುತ್ತವೆ. ಕೈ ಎತ್ತುವಂತಿಲ್ಲ ಎಂಬ ನಿಯಮ ಹಾಕಿ ನೋಡಿದರೆ ಐದನೆಯ ಧ್ವನಿ ಕೇಳಿಸುತ್ತದೆ.

ಮತ್ತೆ ಹೈದರಾಬಾದಿಗೆ ಬರೋಣ. 1950ರಲ್ಲಿ ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ವರ್ಷ ಗೆದ್ದಿತು. ಭಾರತ ತಂಡದ ಹೊಣೆಯೂ ಅವರಿಗೇ ಬಂತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತ ಚಿನ್ನ ಪಡೆಯಿತು. ಗೆಲುವಿನ ಕತೆಯನ್ನು ಇಷ್ಟಕ್ಕೇ ಬಿಡುತ್ತೇನೆ, ಏಕೆಂದರೆ ಈ ಮೇಷ್ಟ್ರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮರುವರ್ಷ.

ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಸ್ವತಂತ್ರ ಭಾರತದ ತಂಡ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತಿತ್ತು. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಹೊಡೆದ ಒಂದು ಗೋಲು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್ ಅವರದು. ಆ ಕಾಲದ ಮೈಸೂರು ಫುಟ್‌ಬಾಲ್‌ನಲ್ಲಿ ಸಾಮಾನ್ಯವಾಗಿರಲಿಲ್ಲ. 1946–47ರಲ್ಲಿಯೂ 1952–53ರಲ್ಲಿಯೂ ಸಂತೋಷ್ ಟ್ರೋಫಿ ನಮ್ಮದಾಯಿತು. ಲಂಡನ್ನಿನ ಸೋಲನ್ನು ಜನ ಸೋಲೆಂದೇ ತಿಳಿಯಲಿಲ್ಲ. ಬರಿಗಾಲಲ್ಲಿ ಆಡಿಯೂ ಫ್ರಾನ್ಸಿನ ಬೆವರಿಳಿಸಿದರು ಎಂದು ಹೆಮ್ಮೆಪಟ್ಟರು. ಹೆಮ್ಮೆ ಸರಿಯೇ. ಆದರೆ ಆ ಹೆಮ್ಮೆಯ ಮರೆಯಲ್ಲಿ ಬೂಟಿನ ಪ್ರಶ್ನೆ ನಾಲ್ಕು ವರ್ಷ ಹಾಗೆಯೇ ಉಳಿಯಿತು. ಕಡಿಮೆ ಅಂತರದ ಸೋಲು ಹೀಗೆ ಮೋಸ ಮಾಡುತ್ತದೆ. ಒಂದೇ ಅಂಕದಿಂದ ಅನುತ್ತೀರ್ಣನಾದ ಹುಡುಗ ಪ್ರಶ್ನೆಪತ್ರಿಕೆಯನ್ನು ಬಯ್ಯುತ್ತಾನೆ, ಉತ್ತರ ಪತ್ರಿಕೆಯನ್ನು ಬಿಡಿಸಿ ನೋಡುವುದಿಲ್ಲ.

1952ರ ಜುಲೈ 15. ಫಿನ್‌ಲೆಂಡಿನ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಿಗೆ ಯುಗೊಸ್ಲಾವಿಯ. ಫಲಿತಾಂಶ 1–10.

ಯುಗೊಸ್ಲಾವಿಯ ಆ ಒಲಿಂಪಿಕ್ಸ್‌ನಲ್ಲಿ ಅಂತಿಮ ಪಂದ್ಯದವರೆಗೂ ಹೋಗಿ ಹಂಗೆರಿ ಎದುರು ಮಾತ್ರ ಸೋತು ಬೆಳ್ಳಿ ಪಡೆದ ತಂಡ. ಹಾಗೆಂದು ಹತ್ತು ಗೋಲನ್ನು ಸಮರ್ಥಿಸಲಾಗದು. ಚಳಿಯ ನಾಡು, ನಮ್ಮವರಲ್ಲಿ ಹಲವರು ಇನ್ನೂ ಬರಿಗಾಲು. ಪಂದ್ಯ ಮುಗಿಯುವ ಹೊತ್ತಿಗೆ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅವರು ಚೆಂಡನ್ನು ಕಾಲಲ್ಲಿ ಆಡಿಸುವ ರೀತಿ ನೋಡಿ ಹಾವಾಡಿಗ ಎಂದೇ ಜನ ಕರೆಯುತ್ತಿದ್ದರು. ಒಂಬತ್ತೋ ಹತ್ತೋ ಗೋಲು ತಿಂದ ಮೇಲೆ ಎದುರಾಳಿಯ ಗೋಲಿನ ಕಡೆಗೆ ಓಡಲು ಕಾಲು ಏಳುವುದೇ ಕಷ್ಟ. ಅಹ್ಮದ್ ಖಾನ್ ಓಡಿದರು. ಪರೀಕ್ಷೆಯ ಕೊನೆಯ ಗಂಟೆ ಹೊಡೆಯುವ ತನಕ ಬರೆಯುತ್ತಲೇ ಇರುವ ಕೆಲವು ಮಕ್ಕಳನ್ನು ನಾವು ನೋಡಿರುತ್ತೇವೆ. ಹೆಚ್ಚು ಅಂಕ ಬರುವುದಿಲ್ಲವೆಂದು ಗೊತ್ತಿದ್ದೂ ಬರೆಯುವವರು. ಆ ಜಾತಿಯ ಗೋಲು ಅದು.

ಮೇಷ್ಟ್ರ ಜಾಗದಲ್ಲಿ ನಿಂತು ಯೋಚಿಸಿ. ಹಿಂದಿನ ವರ್ಷ ಏಷ್ಯಕ್ಕೇ ಮೊದಲಿಗರು. ಮನೆಯಲ್ಲಿ ಅವರ ಪೊಲೀಸ್ ತಂಡವನ್ನು ಸೋಲಿಸುವವರಿಲ್ಲ. ಈಗ ಇಡೀ ಲೋಕದ ಮುಂದೆ ಹತ್ತು ಗೋಲು. ನಮ್ಮ ಬಿ.ಇಡಿ. ಪಠ್ಯದಲ್ಲಿ ಸಾಧನಾ ಪರೀಕ್ಷೆ ಬೇರೆ, ನೈದಾನಿಕ ಪರೀಕ್ಷೆ ಬೇರೆ ಎಂದು ಓದುತ್ತೇವೆ. ಮೊದಲನೆಯದು ಮಗು ಎಷ್ಟು ಕಲಿತಿದೆ ಎಂದು ಅಳೆಯುತ್ತದೆ, ಎರಡನೆಯದು ಎಲ್ಲಿ, ಏಕೆ ಎಡವುತ್ತಿದೆ ಎಂದು ಹುಡುಕುತ್ತದೆ. ಪತ್ರಿಕೆಯವರಿಗೂ ಅಭಿಮಾನಿಗಳಿಗೂ ಹೆಲ್ಸಿಂಕಿ ಸಾಧನಾ ಪರೀಕ್ಷೆ: ಹತ್ತಕ್ಕೆ ಒಂದು, ಅನುತ್ತೀರ್ಣ, ಮುಗಿಯಿತು. ಆದರೆ ಆ ಪಂದ್ಯ ತೋರಿಸಿದ ದೋಷಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಒಂದೇ ಜಾತಿಯವಲ್ಲ. ಕೆಲವು ಸಲಕರಣೆಯ ದೋಷ. ತಣ್ಣನೆಯ, ಒದ್ದೆ ನೆಲದಲ್ಲಿ ಬೂಟಿನ ಎದುರು ಬರಿಗಾಲು ನಿಲ್ಲುವುದಿಲ್ಲ. ಇದನ್ನು ಸರಿಪಡಿಸಲು ಪ್ರತಿಭೆ ಬೇಡ, ನಿರ್ಧಾರ ಸಾಕು. ಆ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು. ಕೆಲವು ಅಭ್ಯಾಸದ ದೋಷ. ಆಗ ನಮ್ಮ ದೇಶದಲ್ಲಿ ಪಂದ್ಯಗಳು ಸಾಮಾನ್ಯವಾಗಿ ತೊಂಬತ್ತು ನಿಮಿಷಕ್ಕಿಂತ ಕಡಿಮೆ ಅವಧಿಯವು. ದೆಹಲಿಯ ಏಷ್ಯನ್ ಕೂಟದಲ್ಲಿಯೂ ಅಷ್ಟು ಹೊತ್ತು ಆಡಿಸಿರಲಿಲ್ಲ. ಇನ್ನು ಕೆಲವು ತಿಳಿವಳಿಕೆಯ ದೋಷ. ಯೂರೋಪಿನ ತಂಡಗಳು ಆಟಗಾರರನ್ನು ನಿಲ್ಲಿಸುವ, ಸ್ಥಾನ ಬದಲಿಸುವ ಕ್ರಮವೇ ಬೇರೆಯಾಗಿತ್ತು. ಒಬ್ಬೊಬ್ಬರ ಕಾಲ್ಚಳಕ ನಂಬಿಕೊಂಡ ಆಟ ಅದರೆದುರು ಹರಿದುಹೋಯಿತು. ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲವನ್ನೂ ಸೋಲು ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದರೆ ಯಾವುದಕ್ಕೂ ಮದ್ದಿಲ್ಲ.

ಸೋತ ಮೇಷ್ಟ್ರಿಗೆ ಸನ್ಮಾನವೇನೂ ಕಾದಿರಲಿಲ್ಲ. 1954ರಲ್ಲಿ ಮನಿಲಾದ ಏಷ್ಯನ್ ಕ್ರೀಡಾಕೂಟಕ್ಕೆ ತಂಡ ಹೋದಾಗ ಅದರ ತರಬೇತುದಾರರು ಬಲಾಯಿದಾಸ್ ಚಟರ್ಜಿ. ಅಲ್ಲಿ ಭಾರತ ಗುಂಪಿನ ಹಂತವನ್ನೇ ದಾಟಲಿಲ್ಲ. ರಹೀಂ ಅಷ್ಟು ಹೊತ್ತೂ ಹೈದರಾಬಾದಿನಲ್ಲಿ ತಮ್ಮ ಹುಡುಗರ ಜೊತೆ ಇದ್ದರು. ನೇರ ಪಾಸು, ಚುರುಕಾಗಿ ಸ್ಥಾನ ಬದಲಿಸುವುದು, ಎರಡೂ ಕಾಲಿನಲ್ಲಿ ಒದೆಯುವುದು, ಇವನ್ನು ಹುಡುಗರ ಮೈಗೆ ಹತ್ತಿಸಿದರು. ಮುಂದೆ 4-2-4 ಎಂಬ ವ್ಯೂಹವನ್ನು ಭಾರತಕ್ಕೆ ಕಲಿಸಿದವರೂ ಅವರೇ: ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು. 1958ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದ ಮೇಲೆ ಲೋಕಕ್ಕೆಲ್ಲ ಪರಿಚಿತವಾದ ವ್ಯೂಹ ಅದು.

1956ಕ್ಕೆ ಅವರನ್ನು ಮತ್ತೆ ಕರೆದರು. ಆ ವರ್ಷದ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಭೂಪಟದಿಂದ ಮರೆಯಾಯಿತು. ಗುಲ್ಬರ್ಗ, ರಾಯಚೂರು, ಬೀದರ್ ನಮ್ಮ ಮೈಸೂರು ರಾಜ್ಯಕ್ಕೆ ಸೇರಿದವು, ತೆಲುಗು ಸೀಮೆ ಆಂಧ್ರಕ್ಕೆ ಹೋಯಿತು. ಒಂದು ತಿಂಗಳಾದ ಮೇಲೆ, ಡಿಸೆಂಬರ್ 1ರಂದು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಅವರ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಏಷ್ಯದ ತಂಡವೊಂದು ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ್ದು ಅದೇ ಮೊದಲು. ನಡುಮೈದಾನದಲ್ಲಿ ಆಡಿದವರಲ್ಲಿ ನಮ್ಮ ಮೈಸೂರು ರಾಜ್ಯದ ಕೆಂಪಯ್ಯನವರೂ ಒಬ್ಬರು. ಚಾಮರಾಜನಗರದ ಯಾವ ಬೀದಿಯಲ್ಲಿ ಕೂಗಿದರೂ ಇಬ್ಬರು ತಿರುಗಿ ನೋಡುವಂಥ ಹೆಸರು ಒಲಿಂಪಿಕ್ಸ್‌ನ ಪಟ್ಟಿಯಲ್ಲಿದೆ ಎಂದು ಮಕ್ಕಳಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಸೆಮಿಫೈನಲ್‌ನಲ್ಲಿ ಎದುರು ಬಂದದ್ದು ಮತ್ತೆ ಯುಗೊಸ್ಲಾವಿಯ. ಭಾರತ 1–4ರಿಂದ ಸೋತಿತು. ಆಮೇಲೆ ಕಂಚಿನ ಪಂದ್ಯದಲ್ಲಿ ಬಲ್ಗೇರಿಯ ಎದುರು 0–3ರಿಂದ ಸೋತು ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಪದಕಪಟ್ಟಿಯಲ್ಲಿ ನಾಲ್ಕನೆಯವರಿಗೆ ಜಾಗವಿಲ್ಲ. ಆದರೆ ಯುಗೊಸ್ಲಾವಿಯದ ಎರಡು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ನಮ್ಮ ಗೋಲು ಒಂದೇ. ಹೆಲ್ಸಿಂಕಿಯಲ್ಲಿ ಅದು ಬಂದದ್ದು ಎಲ್ಲ ಮುಗಿಯುವ ಹೊತ್ತಿಗೆ. ಮೆಲ್ಬರ್ನ್‌ನಲ್ಲಿ ಪಂದ್ಯದ ಮೊದಲ ಗೋಲೇ ನಮ್ಮದು, ಅದೂ ನೆವಿಲ್ ಅವರದು, ಉತ್ತರಾರ್ಧದಲ್ಲಿ. ಅಂದರೆ ಹಿಂದೆ ಹತ್ತು ಗೋಲು ಹಾಕಿದ್ದ ದೇಶ ಈ ಸಲ ಐವತ್ತು ನಿಮಿಷ ಆಡಿಯೂ ಒಂದೂ ಹಾಕಿರಲಿಲ್ಲ. ಫಲಿತಾಂಶ ಮಾತ್ರ ನೋಡುವವನಿಗೆ ಎರಡೂ ಸೋಲು. ಮೇಷ್ಟ್ರಿಗೆ ಇವೆರಡು ಒಂದೇ ಅಲ್ಲ.

ಇದನ್ನೇ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠಕ್ಕೆ ತೆಗೆದುಕೊಂಡೆ. ಸರಾಸರಿಗೆ ಪುಸ್ತಕದಲ್ಲಿ ಕೊಟ್ಟ ದತ್ತಾಂಶ ಮಕ್ಕಳಿಗೆ ಬಾಯಿಪಾಠವಾಗಿತ್ತು. ಕಪ್ಪುಹಲಗೆಯ ಮೇಲೆ ರಹೀಂ ತಂಡಗಳು ತಿಂದ ಗೋಲುಗಳನ್ನು ಮಾತ್ರ ಬರೆದೆ. 1952ರಲ್ಲಿ 10. 1956ರಲ್ಲಿ 2, 4, 3. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 2, 1, 3. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ 2, 1, 0, 2, 1. ಪಂದ್ಯವೊಂದಕ್ಕೆ ಸರಾಸರಿ ತೆಗೆಯಿರಿ ಎಂದೆ. ಹತ್ತು, ಮೂರು, ಎರಡು, 1.2 ಎಂದು ಉತ್ತರ ಬಂತು. ಎಲ್ಲರೂ ಖುಷಿಯಾದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, 1952ರಲ್ಲಿ ಒಂದೇ ಪಂದ್ಯ ಇರುವಾಗ ಅದನ್ನು ಸರಾಸರಿ ಎನ್ನಬಹುದೇ ಎಂದು ಕೇಳಿದಳು. ಇನ್ನೊಬ್ಬ, ಒಲಿಂಪಿಕ್ಸ್‌ಗೆ ಬರುವ ತಂಡಗಳೂ ಏಷ್ಯನ್ ಕೂಟಕ್ಕೆ ಬರುವ ತಂಡಗಳೂ ಒಂದೇ ಅಲ್ಲವಲ್ಲ ಎಂದ. ಎರಡೂ ಪ್ರಶ್ನೆ ನನ್ನ ಪಾಠ ಯೋಜನೆಯ ಎಡಬದಿಯಲ್ಲೂ ಇರಲಿಲ್ಲ, ಬಲಬದಿಯಲ್ಲೂ ಇರಲಿಲ್ಲ. ಉಳಿದ ಹನ್ನೆರಡು ನಿಮಿಷ ಅದರ ಮೇಲೆಯೇ ಕಳೆಯಿತು. ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಿ ಶಿಕ್ಷಕಿ ಆ ಎರಡು ಪ್ರಶ್ನೆಗಳನ್ನು ನನ್ನ ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಪಕ್ಕದಲ್ಲಿ ಸರಿ ಗುರುತು ಹಾಕಿದರು. ದತ್ತಾಂಶಕ್ಕೆ ಮಕ್ಕಳು ಹಾಗೆ ಎದುರುನಿಲ್ಲುವುದನ್ನು ನಾನು ಆ ಪುಸ್ತಕದ ಲೆಕ್ಕಗಳಲ್ಲಿ ಕಂಡಿರಲಿಲ್ಲ.

ರೋಮ್ ಒಲಿಂಪಿಕ್ಸ್ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಗುಂಪಿನಲ್ಲಿ ಭಾರತ ಕೊನೆಯ ಸ್ಥಾನ. ಹಂಗೆರಿ ಎದುರು 1–2, ಪೆರು ಎದುರು 1–3 ಸೋಲು, ನಡುವೆ ಫ್ರಾನ್ಸ್ ಎದುರು 1–1 ಸಮ. ಮೂರು ಪಂದ್ಯ ಆಡಿ ಒಂದನ್ನೂ ಗೆಲ್ಲದ ತಂಡ. ಆದರೆ ಫ್ರಾನ್ಸ್ ಎದುರು ಮೊದಲು ಗೋಲು ಹೊಡೆದವರು ನಾಯಕ ಪಿ.ಕೆ. ಬ್ಯಾನರ್ಜಿ, ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಫ್ರಾನ್ಸ್ ಸಮ ಮಾಡಿಕೊಂಡಿತು. ಉಳಿದ ಎರಡೂ ಪಂದ್ಯಗಳಲ್ಲಿ ನಮ್ಮ ಗೋಲು ತುಳಸಿದಾಸ್ ಬಲರಾಮ್ ಅವರದು.

ಬಲರಾಮ್ ಸಿಕಂದರಾಬಾದಿನ ಅಮ್ಮುಗುಡ ಎಂಬ ಕಡೆಯ ಬಡವರ ಮನೆಯ ಹುಡುಗ. ಅವರ ಆಟವನ್ನು ಮೊದಲು ಗುರುತಿಸಿದವರು ರಹೀಂ. ಅಭ್ಯಾಸಕ್ಕೆ ಕರೆದಾಗ ದಿನವೂ ಅಷ್ಟು ದೂರ ಬರಲು ತನ್ನ ಬಳಿ ಕಾಸಿಲ್ಲವೆಂದು ಹುಡುಗ ಹೇಳಿದನಂತೆ. ಮೇಷ್ಟ್ರು ಸೈಕಲ್ಲಿನ ಬಾಡಿಗೆಗೆ ತಮ್ಮ ಕೈಯಿಂದ ದುಡ್ಡು ಕೊಟ್ಟರಂತೆ. ನಮ್ಮ ಶಾಲೆಗಳಲ್ಲಿ ಮಧ್ಯಾಹ್ನದ ಬಸ್ಸು ತಪ್ಪಿದರೆ ಮನೆ ಸೇರುವುದು ಹೇಗೆಂದು ಕೊನೆಯ ಅವಧಿಯಲ್ಲಿ ಕಿಟಕಿಯಾಚೆ ನೋಡುತ್ತ ಕೂರುವ ಮಕ್ಕಳಿದ್ದಾರೆ. ಬಂಡೀಪುರದ ಅಂಚಿನ ಹಳ್ಳಿಗಳಿಂದ ಬರುವವರಿಗೆ ಕತ್ತಲಾಗುವ ಮುಂಚೆ ಮನೆ ಸೇರದಿದ್ದರೆ ಆನೆಯ ಭಯ. ಅವರ ಗಮನ ಪಾಠದ ಮೇಲಿಲ್ಲ ಎಂದು ಬರೆಯುವ ಮೊದಲು ಸೈಕಲ್ ಬಾಡಿಗೆಯ ಈ ಸಂಗತಿ ನೆನಪಾದರೆ ಒಳ್ಳೆಯದೆಂದು ನನ್ನ ಅನಿಸಿಕೆ.

1962ರ ಹೊತ್ತಿಗೆ ರಹೀಂ ಅವರಿಗೆ ಕ್ಯಾನ್ಸರ್ ಆಗಿತ್ತು. ಆ ಸ್ಥಿತಿಯಲ್ಲೇ ತಂಡವನ್ನು ಜಕಾರ್ತಕ್ಕೆ ಕರೆದೊಯ್ದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ಎದುರು 0–2 ಸೋಲು. ಜೊತೆಗೆ ಊರಿನ ಜನರ ಸಿಟ್ಟು. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಕೂಟದಿಂದ ಹೊರಗಿಟ್ಟಿದ್ದಕ್ಕೆ ಭಾರತದ ಕ್ರೀಡಾಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದ್ದರು. ಅದಕ್ಕೆ ಜಕಾರ್ತದ ಜನ ಭಾರತೀಯರ ಮೇಲೆಲ್ಲ ಕೆರಳಿ ನಿಂತಿದ್ದರು. ಮೈದಾನಕ್ಕೆ ಇಳಿದರೆ ನಮ್ಮ ತಂಡಕ್ಕೆ ಕೇಳುತ್ತಿದ್ದುದು ಕೂಗಾಟ ಮಾತ್ರ. ಆ ನಡುವೆ ಥಾಯ್ಲೆಂಡನ್ನು 4–1ರಿಂದ, ಜಪಾನನ್ನು 2–0ರಿಂದ, ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಮನ್ನು 3–2ರಿಂದ ದಾಟಿ ಭಾರತ ಫೈನಲ್‌ಗೆ ಬಂತು. ಎದುರು ಮತ್ತೆ ಅದೇ ದಕ್ಷಿಣ ಕೊರಿಯ.

ಅಂದಿನ ತಂಡದ ಜೋಡಣೆಯನ್ನು ಗಮನಿಸಿದರೆ ಇವರು ಮೇಷ್ಟ್ರೆಂದು ಯಾರೂ ಹೇಳಿಯಾರು. ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಹಿಂದಿನ ಪಂದ್ಯವೊಂದರಲ್ಲಿ ಗಾಯವಾಗಿ ಹೊಲಿಗೆ ಬಿದ್ದಿತ್ತು. ಅವರನ್ನು ಹೊರಗೆ ಕೂರಿಸಲಿಲ್ಲ, ಹಳೆಯ ಜಾಗದಲ್ಲೂ ನಿಲ್ಲಿಸಲಿಲ್ಲ. ಮುಂಚೂಣಿಯ ನಡುವಿನಲ್ಲಿ ಗೋಲು ಹೊಡೆಯುವ ಜಾಗಕ್ಕೆ ಕಳುಹಿಸಿದರು. ಜ್ವರದಿಂದ ಎದ್ದಿದ್ದ ಪೀಟರ್ ತಂಗರಾಜ್ ಅವರನ್ನು ಗೋಲು ಕಾಯಲು ನಿಲ್ಲಿಸಿದರು. ಯಾವ ಮಗುವಿನಿಂದ ಇವತ್ತು ಯಾವ ಕೆಲಸ ಆದೀತು ಎಂಬ ಅಂದಾಜು ಅದು. ನಿನ್ನೆಯ ಅಂಕಪಟ್ಟಿಯಲ್ಲಿ ಅದು ಸಿಗುವುದಿಲ್ಲ. ಪಂದ್ಯದ ಹಿಂದಿನ ರಾತ್ರಿ ಅವರು ಹುಡುಗರನ್ನು ಕರೆದು, ನಾಳೆ ಚಿನ್ನವನ್ನು ತಮಗೆ ಉಡುಗೊರೆಯಾಗಿ ಕೊಡಬೇಕೆಂದು ಕೇಳಿಕೊಂಡರಂತೆ. ಆಡಿದವರು ವಯಸ್ಸಾದ ಮೇಲೂ ಅದನ್ನು ನೆನೆಯುತ್ತಿದ್ದರು.

1962ರ ಸೆಪ್ಟೆಂಬರ್ 4ರಂದು, ಮೊದಲ ಇಪ್ಪತ್ತು ನಿಮಿಷಗಳೊಳಗೆ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ಕೊರಿಯ ಒಂದನ್ನು ಹಿಂದಿರುಗಿಸಿತು, ಅದೂ ಕೊನೆಯ ಹೊತ್ತಿಗೆ. 2–1. ಅದಾದ ಮೇಲೆ ಭಾರತ ಪುರುಷರ ಫುಟ್‌ಬಾಲ್‌ನಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಮತ್ತೆ ಗೆದ್ದಿಲ್ಲ.

ಒಂಬತ್ತು ತಿಂಗಳು ಕಳೆದು, 1963ರ ಜೂನ್ 11ರಂದು ರಹೀಂ ತೀರಿಕೊಂಡರು. ಐವತ್ಮೂರು ವರ್ಷ. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ. ಅವರ ಮಗ ಸೈಯದ್ ಶಾಹಿದ್ ಹಕೀಂ 1960ರ ರೋಮ್ ತಂಡದಲ್ಲಿದ್ದರು, ಆದರೆ ತಂದೆಯ ತಂಡದಲ್ಲಿ ಅವರಿಗೆ ಆಡುವ ಅವಕಾಶ ಬರಲಿಲ್ಲ. ಮುಂದೆ ವಾಯುಪಡೆಯಲ್ಲಿ ಕೆಲಸ ಮಾಡಿದರು, ಅಂತರರಾಷ್ಟ್ರೀಯ ತೀರ್ಪುಗಾರರಾದರು, ತಂದೆಯಂತೆಯೇ ಹುಡುಗರಿಗೆ ಆಟ ಕಲಿಸಿದರು. 2021ರ ಆಗಸ್ಟ್‌ನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.